ಲೆಕ್ಕ ಗೊತ್ತು, ಪ್ರಶ್ನೆ ಗೊತ್ತಿಲ್ಲ: ಇಂಡಿ ತಾಲ್ಲೂಕಿನ ಒಂದು ನಲಿ-ಕಲಿ ತರಗತಿಯ ಪ್ರಕರಣ

ಸಂದರ್ಭ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ಊರಿಗೂ ತಾಂಡಾಕ್ಕೂ ನಡುವೆ, ಲಿಂಬೆ ತೋಟಗಳ ಮಗ್ಗುಲಲ್ಲಿರುವ ಒಂದು ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ಪ್ರಕರಣವಿದು. ಶಾಲೆಯ ಹೆಸರಾಗಲಿ ಶಿಕ್ಷಕಿಯ ಹೆಸರಾಗಲಿ ಇಲ್ಲಿ ಬೇಕಿಲ್ಲ. ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನಲಿ-ಕಲಿ ಪದ್ಧತಿಯಲ್ಲಿ, ಅಂದರೆ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಹಂತಹಂತವಾಗಿ, ಕಲಿಯುತ್ತಾರೆ. ನಾಲ್ಕು ಮತ್ತು ಐದನೆಯ ತರಗತಿಗಳನ್ನು ಮುಖ್ಯ ಶಿಕ್ಷಕರು ನೋಡಿಕೊಳ್ಳುತ್ತಾರೆ. ಮಕ್ಕಳಲ್ಲಿ ಹೆಚ್ಚಿನವರು ತಾಂಡಾದವರು, ಮನೆಯಲ್ಲಿ ಲಂಬಾಣಿ, ಅವರೇ ಕರೆಯುವಂತೆ ಗೋರಬೋಲಿ. ಊರಿನ ಕನ್ನಡ ಮನೆಮಾತಿನ ಮಕ್ಕಳು ಕೆಲವರಿದ್ದಾರೆ. ಉರ್ದು ಮನೆಮಾತಿನ ಮೂವರಿದ್ದಾರೆ. ನಡೆದು ಹೋಗುವಷ್ಟು ಹತ್ತಿರದಲ್ಲಿ ಉರ್ದು ಶಾಲೆ ಇಲ್ಲದ್ದರಿಂದ ಇಲ್ಲಿಗೆ ಬರುತ್ತಾರೆ. ದೀಪಾವಳಿ ಮುಗಿಯುತ್ತಿದ್ದಂತೆ ತಾಂಡಾದ ಕೆಲವು ಕುಟುಂಬಗಳು ಮುಂಗಡ ಪಡೆದ ಗ್ಯಾಂಗಿನೊಂದಿಗೆ ಕಬ್ಬು ಕಡಿಯಲು ಮಹಾರಾಷ್ಟ್ರದತ್ತ ಹೊರಡುತ್ತವೆ. ಅಜ್ಜ ಅಜ್ಜಿಯರ ಬಳಿ ಉಳಿಯುವ ಮಕ್ಕಳು ಕೆಲವರು, ಜತೆಗೆ ಹೋಗುವವರು ಕೆಲವರು. ಹೋದವರು ಬೇಸಿಗೆ ಕಾಲಿಡುವ ಹೊತ್ತಿಗೆ ಮರಾಠಿ ಮಾತನಾಡುತ್ತ ಹಿಂದಿರುಗುತ್ತಾರೆ.

ಶಿಕ್ಷಕಿ ಬಾಗಲಕೋಟೆ ಜಿಲ್ಲೆಯವರು, ಮನೆಮಾತು ಕನ್ನಡ. ಮಕ್ಕಳಿಗೂ ಪಾಲಕರಿಗೂ ಅವರು 'ಅಕ್ಕೋರು'. ಕೆಲಸದಲ್ಲಿ ಚುರುಕು, ಕೋಣೆಯಲ್ಲಿ ಮಕ್ಕಳ ಕೆಲಸಗಳನ್ನು ತೂಗುಹಾಕುವ ಕಲಿಕಾ ಚಪ್ಪರ ಹರಿದು ಜೋತಾಡುವುದಿಲ್ಲ, ಕಾರ್ಡುಗಳು ಕ್ರಮ ತಪ್ಪಿರುವುದಿಲ್ಲ. ಹಾಗಿದ್ದೂ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದ ಮೌಲ್ಯಮಾಪನದಲ್ಲಿ ಅವರ ತರಗತಿ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಕೊನೆಯ ಸಾಲಿಗೆ ಬಂತು. ಸಮಾಲೋಚನಾ ಸಭೆಯಲ್ಲಿ ಕಾರಣ ಕೇಳಿದಾಗ ಅವರು ಬರೆದುಕೊಟ್ಟ ಉತ್ತರ ಒಂದೇ ಸಾಲಿನದು: ಮಕ್ಕಳಿಗೆ ಕನ್ನಡ ಬರುವುದಿಲ್ಲ. ಬಹುಭಾಷಿಕ ತರಗತಿಯ ಬಗ್ಗೆ ನಡೆಯಲಿದ್ದ ತರಬೇತಿಗೆ ಅವರ ಹೆಸರು ಸೇರಿದ್ದು ಈ ಉತ್ತರದಿಂದ. ಆ ತರಬೇತಿಗೆ ನಾನು ಸಂಪನ್ಮೂಲ ವ್ಯಕ್ತಿಯಾಗಿದ್ದೆ; ಅಲ್ಲಿಂದ ಶುರುವಾದ ಪರಿಚಯ ಆ ವರ್ಷವಿಡೀ ಅವರ ತರಗತಿಗೆ ಹೋಗಿಬರುವ ಕೆಲಸವಾಯಿತು.

ಕಾಗದದ ಮೇಲೆ ಎಲ್ಲರೂ ಕನ್ನಡದವರು

ಮೊದಲು ಗಮನಕ್ಕೆ ಬಂದದ್ದು ದಾಖಲೆ. ಶಾಲೆಗಳ ವಿವರ ಸಂಗ್ರಹಿಸುವ ಸರಕಾರಿ ವ್ಯವಸ್ಥೆಯಾದ ಯುಡೈಸ್ ಮಾಹಿತಿಯಲ್ಲಿ ಪ್ರತಿ ಮಗುವಿನ ಮಾತೃಭಾಷೆಗೆ ಒಂದು ಕಲಂ ಇದೆ. ಈ ಶಾಲೆಯಲ್ಲಿ ಆ ಕಲಂ ತುಂಬಾ ಕನ್ನಡ. ಮುಖ್ಯ ಶಿಕ್ಷಕರದು ಇದರಲ್ಲಿ ಕಪಟವೇನಿಲ್ಲ: ಕನ್ನಡ ಮಾಧ್ಯಮದ ಶಾಲೆ, ಹಿಂದಿನ ವರ್ಷ ಹಾಗೇ ಇತ್ತು, ಹಾಗೇ ಮುಂದುವರಿಸಿದರು. ಕೆಲವು ಪಾಲಕರು ತಾವೇ 'ಕನ್ನಡ ಅಂತ ಬರೆಯಿರಿ' ಎಂದಿದ್ದರು. ಈ ಭಾಷೆ ಕಾಗದದಲ್ಲಿ ಕಾಣೆಯಾಗುವುದು ಇಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ತಾಯಿನುಡಿ ಎಂದು ಹೇಳಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಅವರನ್ನೆಲ್ಲ ಎಣಿಸಿದ್ದು ಹಿಂದಿಯ ಗುಂಪಿನಡಿ. ಸಂವಿಧಾನದ 350ಎ ವಿಧಿ, 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಇರಬೇಕೆನ್ನುತ್ತದೆ. ಅದರ ಆಸರೆಯಲ್ಲಿ ಉರ್ದು, ಮರಾಠಿ ಮಾಧ್ಯಮದ ಶಾಲೆಗಳಿಗೆ ಒಂದು ನೆಲೆ ಸಿಕ್ಕಿದೆ. ಪಠ್ಯಪುಸ್ತಕವಾಗಲಿ ಮಾಧ್ಯಮವಾಗಲಿ ಇಲ್ಲದ ಭಾಷೆಯ ಮಗು ಮಾತ್ರ ಯಾವ ಲೆಕ್ಕಕ್ಕೂ ಸಿಗದೆ ಕನ್ನಡದ ಕಲಂಗೆ ಬೀಳುತ್ತದೆ. ತರಬೇತಿಯ ಅಗತ್ಯವನ್ನು ಇದೇ ಅಂಕಿಗಳಿಂದ ಗೊತ್ತುಮಾಡುವವರಿಗೆ ಈ ಕೋಣೆಯಲ್ಲಿ ಸಮಸ್ಯೆಯೇ ಇಲ್ಲ.

ಶಿಕ್ಷಕಿಗೆ ಸಿಕ್ಕಿದ್ದ ಸಿದ್ಧತೆ

ಡಿ.ಇಡಿ. ಓದುವಾಗ ದ್ವಿಭಾಷಿಕತೆಯ ಅನುಕೂಲಗಳನ್ನು ಅವರು ಅಂಕಗಳಿಗಾಗಿ ಬರೆದಿದ್ದರು. ಸೇವೆಗೆ ಸೇರಿದ ಮೇಲೆ ಬಂದ ತರಬೇತಿಗಳು ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದು ಬಂದವು. ಹಾಗೆ ಇಳಿಯುವಾಗ ಉಳಿಯುವುದು ಘೋಷವಾಕ್ಯ. ಮಗುವಿನ ಭಾಷೆಯನ್ನು ಗೌರವಿಸಿ, ಅದು ಸಂಪನ್ಮೂಲ ಎಂದು ತಿಳಿಯಿರಿ, ಪರಿಚಿತದಿಂದ ಅಪರಿಚಿತಕ್ಕೆ ಸಾಗಿರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮನೆಮಾತು ಬೇರೆಯಾಗಿರುವ ಮಕ್ಕಳೊಂದಿಗೆ ದ್ವಿಭಾಷಾ ವಿಧಾನ ಬಳಸಲು ಶಿಕ್ಷಕರನ್ನು ಪ್ರೋತ್ಸಾಹಿಸಲಾಗುವುದು ಎನ್ನುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಶಿಕ್ಷಕಿ ಕೇಳಿದ ಪ್ರಶ್ನೆ ನೇರವಾಗಿತ್ತು: 'ನನಗೆ ಲಂಬಾಣಿ ಬರುವುದಿಲ್ಲ ಸರ್, ಕಲಿಯುವ ವಯಸ್ಸೂ ದಾಟಿತು. ಗೌರವಿಸುತ್ತೇನೆ. ಸೋಮವಾರ ಗಣಿತದ ಅವಧಿಯಲ್ಲಿ ಏನು ಮಾಡಲಿ?'

ಇಂಥ ಪ್ರಶ್ನೆಗೆ ತರಬೇತಿ ಸಭಾಂಗಣದಲ್ಲಿ ಉತ್ತರ ಸಿಗುವುದಿಲ್ಲ. ಅಲ್ಲಿ ಮಕ್ಕಳಿರುವುದಿಲ್ಲ, ಅವರ ನೋಟ್‌ಬುಕ್ಕುಗಳಿರುವುದಿಲ್ಲ; ಚಾರ್ಟ್, ಸ್ಕೆಚ್ ಪೆನ್ ಇರುತ್ತವೆ.

ತಪ್ಪುಗಳನ್ನು ಬಿಡಿಸಿ ನೋಡಿದ್ದು

ಮಕ್ಕಳ ಭಾಷೆಯನ್ನು ಶಿಕ್ಷಕಿಗೆ ಕಲಿಸುವ ಯೋಜನೆಯನ್ನು ನಾವು ಕೈಗೆತ್ತಿಕೊಳ್ಳಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳ ತಪ್ಪುಗಳನ್ನು ಬರೆಯುವುದು, ಪ್ರತಿ ತಪ್ಪಿನ ಎದುರು ಮೂರರಲ್ಲಿ ಒಂದು ಗುರುತು ಹಾಕುವುದು, ಇಷ್ಟೇ ಕೆಲಸ. ಮಗುವಿಗೆ ವಿಷಯ ಗೊತ್ತಿಲ್ಲವೇ? ವಿಷಯ ಗೊತ್ತಿದ್ದು ಕನ್ನಡದಲ್ಲಿ ಗೊತ್ತಿಲ್ಲವೇ? ಕನ್ನಡವೂ ಗೊತ್ತಿದ್ದು ಪುಸ್ತಕದ ಪ್ರಶ್ನೆಯ ರೀತಿ ಗೊತ್ತಿಲ್ಲವೇ? ಗುರುತು ಹಾಕುವ ಮುನ್ನ ಮಗುವಿನೊಡನೆ ಇನ್ನೊಂದು ದಾರಿಯಲ್ಲಿ ಪರೀಕ್ಷಿಸಿ ನೋಡಬೇಕು, ಊಹೆಯಿಂದ ಹಾಕಕೂಡದು ಎಂಬುದೊಂದೇ ಷರತ್ತು. ಶಿಕ್ಷಕಿಗೆ ಇದು ಮೊದಲು ಬೇಸರದ ಕೆಲಸವೆನಿಸಿತು. ಆಗಲೇ ತುಂಬಬೇಕಾದ ನಮೂನೆಗಳು ಅವರ ಮೇಜಿನ ಮೇಲೆ ಕಡಿಮೆ ಇರಲಿಲ್ಲ.

ಅವರ ಮನಸ್ಸನ್ನು ಬದಲಿಸಿದ್ದು ಮೂರನೆಯ ತರಗತಿಯ ಒಬ್ಬ ಹುಡುಗಿ. ಆಟದ ಬಯಲಿನಲ್ಲಿ ಊರಿನ ಮಕ್ಕಳೊಂದಿಗೆ ಅವಳು ಕನ್ನಡದಲ್ಲೇ ಜಗಳವಾಡುತ್ತಾಳೆ, ಶಿಕ್ಷಕಿಗೆ ಮನೆಯ ಸುದ್ದಿಯನ್ನೆಲ್ಲ ಕನ್ನಡದಲ್ಲೇ ಹೇಳುತ್ತಾಳೆ. ಹಾಗಾಗಿ 'ಇವಳಿಗೆ ಕನ್ನಡ ಬರುತ್ತದೆ, ಆದರೆ ಸೋಮಾರಿ' ಎಂದು ಶಿಕ್ಷಕಿ ತೀರ್ಮಾನಿಸಿದ್ದರು. ಗಣಿತದ ಕಾರ್ಡಿನಲ್ಲಿ ಒಂದು ಲೆಕ್ಕವಿತ್ತು: ಒಂದು ಬುಟ್ಟಿಯಲ್ಲಿ 52 ಲಿಂಬೆಹಣ್ಣುಗಳಿವೆ, ಇನ್ನೊಂದರಲ್ಲಿ ಅದಕ್ಕಿಂತ 17 ಕಡಿಮೆ ಇವೆ, ಎರಡನೆಯ ಬುಟ್ಟಿಯಲ್ಲಿರುವ ಹಣ್ಣುಗಳೆಷ್ಟು? ಹುಡುಗಿ 69 ಎಂದು ಬರೆದಿದ್ದಳು. ಕಳೆಯುವ ಲೆಕ್ಕ ಬರುವುದಿಲ್ಲ ಎಂದು ಶಿಕ್ಷಕಿ ಗುರುತು ಹಾಕುವವರಿದ್ದರು. ಷರತ್ತಿನ ಪ್ರಕಾರ ಐದನೆಯ ತರಗತಿಯ ತಾಂಡಾದ ಹುಡುಗಿಯೊಬ್ಬಳಿಂದ ಅದನ್ನೇ ಗೋರಬೋಲಿಯಲ್ಲಿ ಕೇಳಿಸಿದರು. ಬೆರಳೂ ಮಡಿಸದೆ ಹುಡುಗಿ 35 ಎಂದಳು. ಲಿಂಬೆ ಆರಿಸುವ ಮನೆಯ ಮಗುವಿಗೆ ಇದು ಲೆಕ್ಕವೇ ಅಲ್ಲ.

ಸರಿ, ಎರಡನೆಯ ಗುರುತು. ಆದರೆ ಅದೇ ಕಾರ್ಡಿಗೆ ಊರಿನ ಕನ್ನಡದ ಮಕ್ಕಳಿಬ್ಬರು ಕೂಡ 69 ಎಂದೇ ಬರೆದಿದ್ದರು. ಅವರಿಗೆ ಏನೆಂದು ಗುರುತು ಹಾಕುವುದು? ಎರಡು ಸಂಖ್ಯೆ ಕಂಡರೆ ಕೂಡಿಸು ಎಂಬ ಅಭ್ಯಾಸ ಒಂದು ಕಡೆ, 'ಅದಕ್ಕಿಂತ ಇಷ್ಟು ಕಡಿಮೆ' ಎಂಬ ವಾಕ್ಯದ ಕಟ್ಟು ಇನ್ನೊಂದು ಕಡೆ. ಪುಸ್ತಕದ ಕನ್ನಡ ವಿಜಯಪುರ ಜಿಲ್ಲೆಯ ಯಾವ ಮನೆಯಲ್ಲೂ ಆಡುವ ಕನ್ನಡವಲ್ಲ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮಾಡಿದ ವಿಂಗಡಣೆ ಇದನ್ನೇ ಹೇಳುವುದು: ಎದುರುಬದುರು ಮಾತುಕತೆಯ ಭಾಷೆ ಬೇರೆ, ಶಾಲೆಯ ವಿಷಯಗಳನ್ನು ಓದಿ ತರ್ಕಿಸುವ ಭಾಷೆ ಬೇರೆ. ಮೊದಲನೆಯದು ವರ್ಷ ಎರಡು ವರ್ಷಗಳಲ್ಲಿ ಕೈಗೂಡಿದರೆ ಎರಡನೆಯದಕ್ಕೆ ಐದರಿಂದ ಏಳು ವರ್ಷ ಹಿಡಿಯಬಹುದೆಂದು, ಇಂಗ್ಲಿಷ್ ಮಾಧ್ಯಮಕ್ಕೆ ಬಂದ ವಲಸೆ ಮಕ್ಕಳ ಅಧ್ಯಯನಗಳಿಂದ ಅವರು ತೋರಿಸಿದರು. ಬಯಲಿನಲ್ಲಿ ನಿರರ್ಗಳವಾಗಿ ಮಾತನಾಡುವ ಮಗುವೇ ಶಿಕ್ಷಕರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಮಾತೇ ಆಡದ ಮಗುವಿನ ಬಗ್ಗೆ ಕನಿಷ್ಠ ಅನುಮಾನವಾದರೂ ಇರುತ್ತದೆ. ಈ ವಿಂಗಡಣೆಯನ್ನು ಶಿಕ್ಷಕಿ ಪರೀಕ್ಷೆಗೆ ಓದಿದ್ದರು. ಅದು ತಮ್ಮ ಕೋಣೆಯ ಹುಡುಗಿಯನ್ನು ಕುರಿತದ್ದೆಂದು ತಿಳಿದದ್ದು 69 ಮತ್ತು 35ನ್ನು ಪಕ್ಕಪಕ್ಕದಲ್ಲಿ ಬರೆದಾಗ.

ಇನ್ನೊಂದು ಗುಂಪಿನ ತಪ್ಪುಗಳು ವ್ಯಾಕರಣದವು. 'ಗಾಡಿ ಬಂದಳು', 'ಮರ ಬಿದ್ದನು' ಎಂದು ತಾಂಡಾದ ಮಕ್ಕಳು ಬರೆದರೆ ಊರಿನ ಮಕ್ಕಳು ನಗುತ್ತಿದ್ದರು, ಶಿಕ್ಷಕಿ ಕೆಂಪು ಗೆರೆ ಎಳೆಯುತ್ತಿದ್ದರು. ಸಾಲಾಗಿ ಬರೆದು ನೋಡಿದಾಗ ಅದರೊಳಗಿನ ಕ್ರಮ ಕಂಡಿತು. ಗೋರಬೋಲಿ ರಾಜಸ್ಥಾನಿ ಕಡೆಯ ಇಂಡೋ-ಆರ್ಯನ್ ಭಾಷೆ; ಅದರಲ್ಲಿ ಗಂಡು ಹೆಣ್ಣು ಎಂದು ಎರಡೇ ಲಿಂಗ, ಜಡವಸ್ತುವೂ ಯಾವುದೋ ಒಂದು ಕಡೆ ಸೇರಲೇಬೇಕು. ಕನ್ನಡದ ನಪುಂಸಕ ಲಿಂಗ ಆ ಮಕ್ಕಳಿಗೆ ಹೊಸದು. ಇದು ಅಜಾಗರೂಕತೆಯಲ್ಲ, ನಿಯಮಬದ್ಧವಾದ ತಪ್ಪು. ಪ್ರತಿ ವಾಕ್ಯವನ್ನೂ ತಿದ್ದುವ ಬದಲು ನಿಯಮವನ್ನು ಒಮ್ಮೆ ಆಟವಾಗಿ ಆಡಿಸಿದರೆ ಹೆಚ್ಚು ಪ್ರಯೋಜನ.

ಉಕ್ತಲೇಖನದಲ್ಲಿ ಮಾತ್ರ ತಕ್ಕಡಿ ತಾಂಡಾದ ಮಕ್ಕಳ ಕಡೆಗೆ ವಾಲಬೇಕಿತ್ತು. ಕನ್ನಡದ ಆಡುಮಾತಿನಲ್ಲಿ ಮಹಾಪ್ರಾಣ ಹೆಚ್ಚಾಗಿ ಅಲ್ಪಪ್ರಾಣವಾಗುತ್ತದೆ, ಆದ್ದರಿಂದ ಊರಿನ ಮಕ್ಕಳಿಗೆ ಘ, ಧ, ಭ ಕಷ್ಟ. ಲಂಬಾಣಿಯಲ್ಲಿ ಆ ಧ್ವನಿಗಳು ದಿನಬಳಕೆಯವು. ತಾಂಡಾದ ಮಕ್ಕಳು ಇಲ್ಲಿ ಮುಂದಿರಬೇಕಾಗಿತ್ತು, ಆದರೆ ಇರಲಿಲ್ಲ. ಕಾರಣ ತಿಳಿದಾಗ ಶಿಕ್ಷಕಿಯೇ ನಕ್ಕರು: ಉಕ್ತಲೇಖನ ಹೇಳುವಾಗ ಅವರ ಬಾಯಲ್ಲಿಯೇ ಮಹಾಪ್ರಾಣ ಬರುತ್ತಿರಲಿಲ್ಲ. ಕೇಳಿಸಿದ್ದನ್ನು ಮಕ್ಕಳು ಕೇಳಿಸಿದಂತೆ ಬರೆದಿದ್ದರು. ಅಲ್ಲಿಂದ ಮುಂದೆ ಮಹಾಪ್ರಾಣದ ಪದಗಳನ್ನು ತಾಂಡಾದ ಮಕ್ಕಳೇ ಗಟ್ಟಿಯಾಗಿ ಓದಿ ಹೇಳುವುದು ರೂಢಿಯಾಯಿತು. ಊರಿನ ಮಕ್ಕಳು ಅವರ ಬಾಯಿ ನೋಡಿ ಬರೆಯುತ್ತಾರೆ.

ಕಬ್ಬಿನ ಸೀಮೆಯಿಂದ ಹಿಂದಿರುಗಿದ ಹುಡುಗನೊಬ್ಬ 27 ಎಂದರೆ 72 ಎಂದು ಬರೆಯುತ್ತಿದ್ದ. ಸ್ಥಾನಬೆಲೆ ಬರುವುದಿಲ್ಲ ಎಂದು ಅವನನ್ನು ಕಲಿಕಾ ಏಣಿಯಲ್ಲಿ ಕೆಳಗಿನ ಮೈಲಿಗಲ್ಲಿಗೆ, ಅಂದರೆ ಹಿಂದಿನ ಹಂತಕ್ಕೆ, ಇಳಿಸಲಾಗಿತ್ತು. ಕಡ್ಡಿಕಟ್ಟು ಕೊಟ್ಟು 27 ತೋರಿಸು ಎಂದರೆ ಎರಡು ಕಟ್ಟು, ಏಳು ಬಿಡಿಕಡ್ಡಿ ಇಡುತ್ತಾನೆ. ಸ್ಥಾನಬೆಲೆ ಬರುತ್ತದೆ! ಮರಾಠಿಯಲ್ಲಿ ಆ ಸಂಖ್ಯೆ 'ಸತ್ತಾವೀಸ', ಏಳು ಮೊದಲು, ಇಪ್ಪತ್ತು ಆಮೇಲೆ. ಕಾರ್ಖಾನೆಯ ಹತ್ತಿರದ ಮರಾಠಿ ಶಾಲೆಯಲ್ಲಿ ಕೆಲವು ತಿಂಗಳು ಕುಳಿತು ಬಂದವನು ಕನ್ನಡದ ಇಪ್ಪತ್ತೇಳನ್ನು ಮನಸ್ಸಿನಲ್ಲಿ ಮರಾಠಿಗೆ ಹಾಕಿ, ಕೇಳಿದ ಅನುಕ್ರಮದಲ್ಲಿ ಬರೆಯುತ್ತಿದ್ದ. ಈ ತೊಡಕು ಮರಾಠಿ ಮಕ್ಕಳಿಗೂ ಇದೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ 'ವೀಸ ಸಾತ' ಎಂಬ ಓದುವ ರೀತಿಯನ್ನು ತಂದದ್ದು ಇದಕ್ಕಾಗಿಯೇ. ಅದರ ಮೇಲೆ ಅಲ್ಲಿ ದೊಡ್ಡ ಗದ್ದಲವೂ ಆಯಿತು. ಕನ್ನಡದ ಸಂಖ್ಯಾಪದಗಳು ಬರೆಯುವ ಕ್ರಮದಲ್ಲೇ ಸಾಗುವುದರಿಂದ ಈ ಹುಡುಗನಿಗೆ ಕನ್ನಡವೇ ಔಷಧವಾಯಿತು. ಕಡ್ಡಿಕಟ್ಟು ಇಡುತ್ತ ಗಟ್ಟಿಯಾಗಿ ಕನ್ನಡದಲ್ಲಿ ಎಣಿಸುವುದು, ಅಷ್ಟೇ. ಬೇಗ ಸರಿಹೋದ. ಮನೆಮಾತಿನಲ್ಲಿ ಕಲಿಸುವುದೊಂದೇ ಪರಿಹಾರ ಎಂದು ಮಂತ್ರದಂತೆ ಹೇಳುವವರು ಈ ಹುಡುಗನನ್ನು ನೆನಪಿಡಬೇಕು.

ತರಗತಿಯಲ್ಲಿ ಬದಲಾದದ್ದು

ನಲಿ-ಕಲಿಯಲ್ಲಿ ಮಕ್ಕಳು ಶಿಕ್ಷಕರ ನೆರವಿನಿಂದ ಹಿಡಿದು ಸಹಪಾಠಿಯ ನೆರವು, ಸ್ವಕಲಿಕೆಯವರೆಗೆ ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ 2009ರ ಹೊತ್ತಿಗೆ ರಾಜ್ಯವೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಬಹುಭಾಷಿಕ ತರಗತಿಗೆ ಬೇಕಾದ ಜಾಗ ಆಗಲೇ ಇದೆ. ಯಾರೂ ಅದನ್ನು ಆ ಕಣ್ಣಿನಿಂದ ನೋಡುವುದಿಲ್ಲ. ಸಹಪಾಠಿ ತಟ್ಟೆಗಳಲ್ಲಿ ಗಣಿತ ಮತ್ತು ಪರಿಸರ ಅಧ್ಯಯನದ ಕಾರ್ಡುಗಳನ್ನು ಮಕ್ಕಳು ಯಾವ ಭಾಷೆಯಲ್ಲಾದರೂ ಚರ್ಚಿಸಬಹುದು, ಆದರೆ ಶಿಕ್ಷಕಿಯ ತಟ್ಟೆಗೆ ಬಂದಾಗ ಕನ್ನಡದಲ್ಲಿ ಹೇಳಬೇಕು ಎಂಬ ನಿಯಮ ಮಾಡಿಕೊಂಡರು. ಗೋಡೆಯ ಮೇಲಿದ್ದ 'ತರಗತಿಯಲ್ಲಿ ಕನ್ನಡದಲ್ಲಿಯೇ ಮಾತನಾಡಿ' ಎಂಬ ಹಲಗೆ ಕೆಳಗಿಳಿಯಿತು. ವೇಲ್ಸ್ ದೇಶದ ಶಾಲೆಗಳಲ್ಲಿ ಒಂದು ಭಾಷೆಯಲ್ಲಿ ಓದಿಸಿ ಇನ್ನೊಂದರಲ್ಲಿ ಬರೆಸುವ ವಿಧಾನವನ್ನು ಕೆನ್ ವಿಲಿಯಮ್ಸ್ 1994ರಲ್ಲಿ ವಿವರಿಸಿದ್ದರು. ಅಲ್ಲಿ ವೆಲ್ಷ್, ಇಂಗ್ಲಿಷ್ ಎರಡೂ ಬಲ್ಲ ಶಿಕ್ಷಕರಿದ್ದರು. ಇಲ್ಲಿ ಒಂದು ಭಾಷೆ ಶಿಕ್ಷಕಿಗೆ ತಿಳಿಯದು, ಆದ್ದರಿಂದ ಹಿರಿಯ ಮಕ್ಕಳ ಮೇಲೆ ಭಾರ ಬೀಳುತ್ತದೆ. ಐದನೆಯ ತರಗತಿಯ ಹುಡುಗಿಯ ಅವಧಿಗಳು ಹೀಗೆ ಹೋಗುತ್ತಿವೆ ಎಂದು ಮುಖ್ಯ ಶಿಕ್ಷಕರು ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪ, ದಿನಕ್ಕೊಬ್ಬರಂತೆ ಸರದಿ ಮಾಡಬೇಕಾಯಿತು.

ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರು ತಾಂಡಾದವರು. ಅವರು ಗೋರಬೋಲಿಯಲ್ಲಿ ಹೇಳಿದ ಕಥೆಯನ್ನು ಕನ್ನಡ ಲಿಪಿಯಲ್ಲಿ ಬರೆದು, ಮಕ್ಕಳಿಂದ ಚಿತ್ರ ಬಿಡಿಸಿ, ಮುಂದಿನ ವಾರ ಅದನ್ನೇ ಕನ್ನಡದಲ್ಲಿ ಹೇಳಿಸುವುದು ಮಕ್ಕಳಿಗೆ ಅಚ್ಚುಮೆಚ್ಚಿನ ಕೆಲಸವಾಯಿತು. ಹಾಗೆಂದು ಅದರಿಂದಲೇ ಓದು ಸುಧಾರಿಸಿತು ಎಂದು ನಾನು ಹೇಳಲಾರೆ. ಒಂದು ಸಣ್ಣ ಅನ್ಯಾಯವೂ ಅದರಲ್ಲಿ ಬೆಳೆಯಿತು. ತಾಂಡಾದ ಮಕ್ಕಳ ಧ್ವನಿ ಏರಿದಂತೆ ಉರ್ದು ಮನೆಮಾತಿನ ಮೂವರು ಇನ್ನಷ್ಟು ಮೂಲೆಗೆ ಸರಿದರು. ಮೊದಲು ಅವರಿಗೆ ಒಂದು ಅಪರಿಚಿತ ಭಾಷೆ ಇತ್ತು, ಈಗ ಎರಡು. ಬಹುಸಂಖ್ಯಾತರ ಮನೆಮಾತಿಗೆ ಜಾಗ ಕೊಟ್ಟು ಬಹುಭಾಷಿಕ ತರಗತಿ ಎಂದು ಕರೆಯುವುದು ಸುಲಭ. ಈ ಮೂವರಿಗಾಗಿ ಮಾಡಿದ್ದು ಕಡಿಮೆ: ಜೋಡಿ ಕೂರಿಸುವಾಗ ಇಬ್ಬರನ್ನಾದರೂ ಒಟ್ಟಿಗೆ ಇಡುವುದು, ತಪ್ಪಿನ ನೋಟ್‌ಬುಕ್ಕಿನಲ್ಲಿ ಅವರ ಹೆಸರು ಬಿಟ್ಟುಹೋಗದಂತೆ ನೋಡುವುದು.

ಪಾಲಕರ ಸಭೆಯಲ್ಲಿ ವಿರೋಧ ಬಂತು. ತಾಂಡಾದ ಹಿರಿಯರೊಬ್ಬರು ಎದ್ದು, 'ಅಕ್ಕೋರೇ, ನಮ್ಮ ಮಾತು ಮನೆಯಲ್ಲಿ ನಾವೇ ಕಲಿಸುತ್ತೇವೆ. ನಿಮ್ಮ ಹತ್ತಿರ ಕಳಿಸುವುದು ಕನ್ನಡಕ್ಕೆ, ಇಂಗ್ಲಿಷಿಗೆ' ಎಂದರು. ಬಸ್ಸಿನ ಫಲಕ, ಪಹಣಿ, ಬ್ಯಾಂಕು, ಕಚೇರಿ ಎಲ್ಲ ಕನ್ನಡದಲ್ಲಿರುವಾಗ ಆ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಶಿಕ್ಷಕಿ ವಾದಿಸಲಿಲ್ಲ. ಮಕ್ಕಳ ಗಣಿತದ ನೋಟ್‌ಬುಕ್ಕುಗಳನ್ನು ತಂದು, ಮೊದಲು ಹೀಗಿತ್ತು, ಈಗ ಕನ್ನಡದಲ್ಲಿ ಹೀಗೆ ಬರೆಯುತ್ತಾರೆ ಎಂದು ತೋರಿಸಿದರು. ಹಿರಿಯರು ಒಪ್ಪಿದರು ಎನ್ನುವುದಕ್ಕಿಂತ, ಮತ್ತೆ ಕೇಳುವವರೆಗೆ ಕಾಯಲು ಒಪ್ಪಿದರು ಎನ್ನುವುದು ಸರಿ.

ಏನಾಯಿತು

ವರ್ಷದ ಕೊನೆಗೆ ವಾಕ್ಯರೂಪದ ಲೆಕ್ಕಗಳಲ್ಲಿ ಸುಧಾರಣೆ ಎದ್ದು ಕಾಣುತ್ತಿತ್ತು. ಓದುವ ವೇಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. 'ಗಾಡಿ ಬಂದಳು' ಇನ್ನೂ ಇದೆ, ಅದು ಬೇಗ ಹೋಗುವಂಥದ್ದಲ್ಲ. ಕಬ್ಬಿಗೆ ಹೋಗಿ ಬಂದ ಮಕ್ಕಳಲ್ಲಿ ಸತ್ತಾವೀಸದ ಹುಡುಗನನ್ನು ಬಿಟ್ಟು ಉಳಿದವರು ಇದ್ದಲ್ಲೇ ಇದ್ದಾರೆ. ಅರ್ಧ ವರ್ಷ ಇಲ್ಲದ ಮಗುವಿನ ವಿಷಯದಲ್ಲಿ ಭಾಷೆಯ ಉಪಾಯಗಳು ಸೋಲುತ್ತವೆ. ಒಡಿಶಾ 2006ರ ಸುಮಾರಿಗೆ ಹತ್ತು ಬುಡಕಟ್ಟು ಭಾಷೆಗಳಲ್ಲಿ ಪ್ರವೇಶಿಕೆಗಳನ್ನು ತಂದಂಥ ದೊಡ್ಡ ಕೆಲಸವೂ ಇದಲ್ಲ.

ಬದಲಾದದ್ದು ಶಿಕ್ಷಕಿ ಕೇಳುವ ಪ್ರಶ್ನೆಗಳು. ಮೊದಲು ಪಾಠದ ನಡುವೆ 'ಅರ್ಥವಾಯಿತೇ?' ಎನ್ನುತ್ತಿದ್ದರು, ಮಕ್ಕಳು ಒಟ್ಟಾಗಿ ಹೂಂ ಎನ್ನುತ್ತಿದ್ದರು. ಈಗ 'ಮಾಡಿ ತೋರಿಸು' ಎನ್ನುತ್ತಾರೆ. ಸಮಾಲೋಚನಾ ಸಭೆಗೆ ಅವರು ಬರೆದ ಮುಂದಿನ ಟಿಪ್ಪಣಿಯಲ್ಲಿ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂಬ ಸಾಲು ಇರಲಿಲ್ಲ. ಯಾವ ಮಗುವಿಗೆ ಕನ್ನಡದ ಯಾವುದು ಬರುವುದಿಲ್ಲ ಎಂದು ಎರಡು ಪುಟ ಇತ್ತು. ಶಿಕ್ಷಕರನ್ನು ಸಿದ್ಧಗೊಳಿಸುವುದೆಂದರೆ ನನ್ನ ಮಟ್ಟಿಗೆ ಈ ಎರಡು ಪುಟ. ಹಾಗಾಗಿ ಈಗ ನಡೆಸುವ ತರಬೇತಿಗೆ ಬರುವವರು ತಮ್ಮ ತರಗತಿಯ ಕೆಲವು ಮಕ್ಕಳ ನೋಟ್‌ಬುಕ್ಕುಗಳನ್ನು ತರಬೇಕೆಂದು ಕೇಳುತ್ತೇವೆ. ಎಲ್ಲರೂ ತರುವುದಿಲ್ಲ. ತಂದವರ ಮೇಜಿನ ಸುತ್ತ ಉಳಿದವರು ಬಂದು ನಿಲ್ಲುತ್ತಾರೆ.

ಈ ಪ್ರಕರಣವನ್ನು ತರಬೇತಿಯಲ್ಲಿ ಇಟ್ಟಾಗಲೆಲ್ಲ ಜಗಳವಾಗುವುದು ಒಂದೇ ಸಂಗತಿಯ ಮೇಲೆ. ಲಿಂಬೆಯ ಲೆಕ್ಕದ ಹುಡುಗಿಗೆ ಶಿಕ್ಷಕಿ ಗಣಿತದಲ್ಲಿ ಪೂರ್ತಿ ಅಂಕ ಕೊಟ್ಟರು, ಬಾಯಿಮಾತಿನಲ್ಲಿ, ಗೋರಬೋಲಿಯಲ್ಲಿ ಬಂದ ಉತ್ತರಕ್ಕೆ. ಕನ್ನಡದಲ್ಲಿ ಆ ಪ್ರಶ್ನೆಯನ್ನು ಓದಿ ಹೇಳಲು ಆಗಲಿಲ್ಲವೆಂದು ಭಾಷೆಯಲ್ಲಿ ಅಂಕ ಕಳೆದರು. ಪರಿಶೀಲನೆಗೆ ಬಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಎರಡನ್ನೂ ಪ್ರಶ್ನಿಸಿದರು: ಬರೆಯದ ಉತ್ತರಕ್ಕೆ ಅಂಕವೇಕೆ, ಗಣಿತದ ಕಾರ್ಡಿಗೆ ಭಾಷೆಯ ಅಂಕ ಕಳೆದದ್ದೇಕೆ? ಕರುಣೆಯಿಂದ ಕೊಟ್ಟ ಅಂಕ ಮಗುವಿಗೆ ಮುಂದೆ ಮುಳುವಾಗುತ್ತದೆ ಎನ್ನುವ ಶಿಕ್ಷಕರು ಪ್ರತಿ ಸಲವೂ ಇರುತ್ತಾರೆ. ನನಗೆ ಅನ್ನಿಸುವುದಿಷ್ಟು. ಮೂರನೆಯ ತರಗತಿಯವರೆಗೆ ಗಣಿತದ ಅಂಕ ಲೆಕ್ಕಕ್ಕೆ ಸಲ್ಲಬೇಕು, ಉತ್ತರ ಯಾವ ಭಾಷೆಯಲ್ಲಿ ಬಂದರೂ. ಹುಡುಗಿಯನ್ನು ಕಳೆಯುವ ಲೆಕ್ಕದ ಮೈಲಿಗಲ್ಲಿಗೆ ಹಿಂದೆ ತಳ್ಳಿದರೆ ಅವಳ ಎರಡು ತಿಂಗಳು ವ್ಯರ್ಥ. ಭಾಷೆಯ ಅಂಕ ಕಳೆದದ್ದು ಆ ಕಾರ್ಡಿನಲ್ಲಿ ಆಗಬಾರದಿತ್ತು, ಕನ್ನಡದ ಕಾರ್ಡಿನಲ್ಲಿ ಆಗಬೇಕಿತ್ತು. ಆದರೆ ನಾಲ್ಕನೆಯ ತರಗತಿಗೆ ಹೋದಾಗ ಬರೆದ ಉತ್ತರಕ್ಕಷ್ಟೇ ಅಂಕ ಸಿಗುವುದರಿಂದ, ಈ ಎರಡು ಅಂಕಗಳ ನಡುವಿನ ಅಂತರವನ್ನು ಮೂರನೆಯ ತರಗತಿ ಮುಗಿಯುವುದರೊಳಗೆ ಯಾವ ಕಾರ್ಡುಗಳಿಂದ ತುಂಬಿಸುತ್ತೇವೆ ಎಂಬುದನ್ನು ಶಿಕ್ಷಕಿ ಅದೇ ದಿನ ಬರೆದಿಡಬೇಕು. ಸಿಆರ್‌ಪಿ ಕೇಳಬೇಕಾಗಿದ್ದದ್ದು ಆ ಕಾಗದವನ್ನು.